ಆರ್ಟ್ ಆರ್‌ಪಿಜಿ ಆಡೋರು ಯಾರಾದ್ರೂ ಇದೀರಾ? ದುಡ್ಡು, ಗ್ರೈಂಡ್ ಎರಡೂ ಕೈ ಮೀರ್ತಿದೆ

ಮಸಿಬೆಕ್ಕು

ಇಲ್ಲಿ ಡಿಜಿಟಲ್ ಡ್ರಾಯಿಂಗ್ ಮಾಡೋರು ಸುಮಾರು ಜನ ಇದೀರ ಅಂತ ಗೊತ್ತು, ಆದ್ರೆ ಆರ್ಟ್ ಆರ್‌ಪಿಜಿ ಎಷ್ಟು ಜನ ಆಡ್ತೀರೋ ಗೊತ್ತಿಲ್ಲ, ಅದಕ್ಕೆ ಮೊದ್ಲು ಸ್ವಲ್ಪ ಹೇಳ್ಬಿಡ್ತೀನಿ. ಡೀವಿಯಂಟ್‌ಆರ್ಟ್, ಡಿಸ್ಕಾರ್ಡ್, ಟಾಯ್‌ಹೌಸ್ ಈ ಕಡೆ ನಡೆಯೋ, ಚಿತ್ರ ಬಿಡಿಸಿ ಆಡೋ ರೋಲ್ ಪ್ಲೇಯಿಂಗ್ ಆಟ ಇದು. ಯಾರೋ ಒಬ್ಬ ಆರ್ಟಿಸ್ಟ್ ಒಂದು ಕಾಲ್ಪನಿಕ ಪ್ರಾಣಿ ಹುಟ್ಟುಹಾಕ್ತಾರೆ, ನಾಯಿ ಥರದ್ದೋ ಡ್ರ್ಯಾಗನ್ ಥರದ್ದೋ. ಅದು ಚೆನ್ನಾಗಿದೆ ಅಂತ ನೀವು ಒಂದು ಬಿಡಿಸ್ಕೊಂಡು ನಂದು ಅನ್ನೋ ಹಾಗಿಲ್ಲ, ಕ್ಲೋಸ್ಡ್ ಸ್ಪೀಶೀಸ್. ಒಂದೋ ಅವರು ಮಾರೋ ಡಿಸೈನ್ ತಗೋಬೇಕು, ಇಲ್ಲಾ ಎಮ್‌ವೈಓ (ಮೇಕ್ ಯುವರ್ ಓನ್) ಸ್ಲಾಟ್ ಅಂತ ಒಂದು ಪರ್ಮಿಷನ್ ತಗೊಂಡು ನೀವೇ ಡಿಸೈನ್ ಮಾಡಿ ಅಪ್ರೂವಲ್‌ಗೆ ಹಾಕ್ಬೇಕು. ಮಾಸ್ಟರ್‌ಲಿಸ್ಟಲ್ಲಿ, ಅಂದ್ರೆ ಯಾವ ಪ್ರಾಣಿ ಯಾರದ್ದು ಅನ್ನೋ ಗ್ರೂಪಿನ ಪಟ್ಟೀಲಿ, ನಂಬರ್ ಬಿತ್ತು ಅಂದ್ರೆ ಮಾತ್ರ ಅದು ನಿಮ್ಮದು. ಆಮೇಲೆ ಆ ಪ್ರಾಣಿನ ಬಿಡಿಸಿ ಬಿಡಿಸಿ ಆಟದ ಕಾಯಿನ್ ಗಳಿಸೋದು (ಗ್ರೈಂಡ್ ಅಂದ್ರೆ ಇದೇ), ಬೇಟೆಗೆ ಕಳ್ಸೋದು, ಮರಿ ಮಾಡ್ಸೋದು.

ನಮ್ಮ ಗ್ರೂಪಲ್ಲಿ ಬರೀ ಮುಖ ಬಿಡಿಸಿದ್ರೆ 3 ಕಾಯಿನ್, ಫುಲ್ ಬಾಡಿ ಶೇಡಿಂಗ್ ಬ್ಯಾಕ್‌ಗ್ರೌಂಡ್ ಎಲ್ಲಾ ಹಾಕಿದ್ರೆ 15. ಒಂದು ಎಮ್‌ವೈಓ ಸ್ಲಾಟ್‌ಗೆ 300 ಕಾಯಿನ್. ಅದೂ ಕಾಮನ್ ಟ್ರೇಟ್ ಮಾತ್ರ, ರೆಕ್ಕೆ ಬೇಕು ಕೊಂಬು ಬೇಕು ಅಂದ್ರೆ ಅದರ ಐಟಂ ಬೇರೆ. ಇದೇ ಸ್ಲಾಟು ಸೇಲಲ್ಲಿ 40 ಡಾಲರ್‌ಗೆ ಬರುತ್ತೆ, ಐದು ನಿಮಿಷಕ್ಕೆ ಖಾಲಿ. ಸೇಲ್ ಇಡೋದು ಅಮೆರಿಕದ ಪೂರ್ವ ಕರಾವಳಿ ಟೈಮಲ್ಲಿ ರಾತ್ರಿ ಎಂಟಕ್ಕೆ, ನಮಗೆ ಅದು ಚಳಿಗಾಲದಲ್ಲಿ ಬೆಳಗ್ಗೆ ಆರೂವರೆ, ಬೇಸಿಗೆಲಿ ಐದೂವರೆ. ಎದ್ದು ಕಣ್ಣುಜ್ಕೊಂಡು ರಿಫ್ರೆಶ್ ಒತ್ತುತಾ ಕೂತಿರ್ತೀನಿ, ಅಮ್ಮ ಓದ್ತಿದಾಳೆ ಅನ್ಕೊಂಡು ಕಾಫಿ ತಂದಿಡ್ತಾರೆ.

ತಿಂಗಳಿಗೊಂದು ಪ್ರಾಂಪ್ಟ್, ಅಂದ್ರೆ ಬಿಡಿಸೋಕೆ ಕೊಡೋ ವಿಷ್ಯ, ಇತ್ತು ಮೊದ್ಲು. ಈಗ ವಾರಕ್ಕೊಂದು, ಜೊತೆಗೆ ಸ್ಟ್ರೀಕ್ ಅಂತ ಇಟ್ಟಿದಾರೆ, ನಾಲ್ಕು ವಾರ ಬಿಡದೆ ಹಾಕಿದ್ರೆ ಒಂದು ಮಿಸ್ಟರಿ ಪೆಟ್ಟಿಗೆ. ಒಂದು ವಾರ ಬಿಟ್ರೆ ಸೊನ್ನೆಯಿಂದ ಶುರು. ಮಣಿಕಟ್ಟು ನೋಯ್ತಿದೆ, ಇಂಟರ್ನಲ್ಸ್ ಹತ್ರ ಬಂದಿದೆ, ಆದ್ರೂ ಸ್ಟ್ರೀಕ್ ಹೋಗುತ್ತಲ್ಲಾ ಅಂತ ರಾತ್ರಿ ಕೂತು ಬ್ಯಾಕ್‌ಗ್ರೌಂಡ್‌ಗೆ ಹುಲ್ಲು ಬಿಡಿಸ್ತೀನಿ. ಕಮಿಷನ್‌ನಲ್ಲಿ, ಅಂದ್ರೆ ಬೇರೆಯವರು ಹೇಳಿದ ಚಿತ್ರ ಬಿಡಿಸಿಕೊಟ್ಟು, ಬರೋ ದುಡ್ಡೆಲ್ಲ ಅಲ್ಲಿಗೇ ಹೋಗ್ತಿದೆ. ಗ್ರೂಪಲ್ಲಿ ಈ ಮಾತು ಎತ್ತಿದ್ರೆ "ಯಾರೂ ಬಲವಂತ ಮಾಡಿಲ್ವಲ್ಲ, ಫ್ರೀಯಾಗೂ ಆಡಬಹುದು" ಅಂತ ಒಂದೇ ಉತ್ತರ, ಅದಕ್ಕೆ ಹತ್ತು ಜನ ಹಾರ್ಟ್ ಬೇರೆ ಒತ್ತುತಾರೆ.

ನನ್ನ ಪ್ರಶ್ನೆ ಇಷ್ಟೇ: ನೀವೆಲ್ಲ ಹೇಗೆ ಮ್ಯಾನೇಜ್ ಮಾಡ್ತೀರ? ದುಡ್ಡು ಹಾಕದೆ ನಿಜವಾಗ್ಲೂ ಆಡಕ್ಕಾಗುತ್ತಾ? ಬಿಡು ಅಂತ ಒಂದೇ ಮಾತಲ್ಲಿ ಹೇಳ್ಬೇಡಿ ಪ್ಲೀಸ್, ಅಲ್ಲಿ ಫ್ರೆಂಡ್ಸ್ ಇದಾರೆ.

---

ಲೆಕ್ಕದ_ಬುಕ್ಕು

ಫ್ರೀ ಅನ್ನೋ ಪದ ಕೇಳಿದ್ ತಕ್ಷಣ ಕ್ಯಾಲ್ಕುಲೇಟರ್ ತೆಗೀಬೇಕು ನೋಡಿ. ನೀವೇ ಕೊಟ್ಟಿರೋ ನಂಬರ್ ಇಟ್ಕೊಂಡ್ರೆ ಒಂದು ಸ್ಲಾಟ್‌ಗೆ 15 ಕಾಯಿನ್‌ದು 20 ಚಿತ್ರ ಆಯ್ತು. ಶೇಡಿಂಗ್ ಬ್ಯಾಕ್‌ಗ್ರೌಂಡ್ ಸಮೇತ ಫುಲ್ ಬಾಡಿ ಅಂದ್ರೆ ಕೈ ಓಡೋರಿಗೂ ನಾಲ್ಕು ಗಂಟೆ ಬೇಕು, ಅಲ್ಲಿಗೆ 80 ಗಂಟೆ. 40 ಡಾಲರ್‌ನ 80 ಗಂಟೆಗೆ ಹಂಚಿ. ಗಂಟೆಗೆ ಅರ್ಧ ಡಾಲರ್, ನಮ್ಮ ದುಡ್ಡಲ್ಲಿ ನಲವತ್ತು ಚಿಲ್ರೆ ರೂಪಾಯಿ. ನಿಮ್ಮ ಕೆಲಸಕ್ಕೆ ಆ ಗ್ರೂಪ್ ಕಟ್ಟಿರೋ ಕೂಲಿ ಅದು.

ಈಗ ಇನ್ನೊಂದು ಕಡೆಯಿಂದ ನೋಡಿ. ಅದೇ ಥರದ ಒಂದು ಚಿತ್ರಕ್ಕೆ ಹೊರಗಿನವರ ಹತ್ರ ನೀವು ಕಮಿಷನ್ ಎಷ್ಟು ತಗೋತೀರ? ಕಮ್ಮಿ ಅಂದ್ರೂ 25 ಡಾಲರ್ ಇಟ್ಕೊಳ್ಳೋಣ. 20 ಚಿತ್ರಕ್ಕೆ 500. ಅಂದ್ರೆ "ಫ್ರೀ" ದಾರಿಲಿ ಆ ಸ್ಲಾಟು 500 ಡಾಲರ್, ದುಡ್ಡಿನ ದಾರಿಲಿ 40. ಎಲ್ಲಾ 20 ಚಿತ್ರಕ್ಕೂ ಗಿರಾಕಿ ಸಿಗಲ್ಲ ಅನ್ನೋದು ನಿಜ, ಒಪ್ತೀನಿ. ಆದ್ರೂ ಎರಡು ಕಮಿಷನ್ ಸಿಕ್ಕಿದ್ರೆ ಸ್ಲಾಟ್ ಬಂದು ಮಿಕ್ಕಿದ 18 ಚಿತ್ರದ ಟೈಮು ಉಳಿಯುತ್ತೆ. ಇದು ಎಲ್ರಿಗೂ ಒಳಗೊಳಗೇ ಗೊತ್ತಿರುತ್ತೆ, ಅದಕ್ಕೇ ಸೇಲ್ ಐದು ನಿಮಿಷಕ್ಕೆ ಖಾಲಿ ಆಗೋದು. ಗ್ರೈಂಡ್ ಜಾಸ್ತಿ ಮಾಡಿದಷ್ಟೂ 40 ಡಾಲರ್ ಅಗ್ಗ ಅನ್ಸುತ್ತೆ. ಬೇಕಂತ ಮಾಡಿದಾರೋ ತಾನಾಗೇ ಆಗಿದೆಯೋ ಅದು ಬೇರೆ ಮಾತು, ಆಗ್ತಿರೋದಂತೂ ಇದೇ.

ಇಂಡಿಯಾದವರಿಗೆ ಮಾತ್ರ ತಾಗೋ ಒಂದು ವಿಷ್ಯ ಇದೆ, ಇದನ್ನ ಅಲ್ಲಿಯ ಫ್ರೆಂಡ್ಸ್‌ಗೆ ಎಷ್ಟು ಹೇಳಿದ್ರೂ ತಲೆಗೆ ಹೋಗಲ್ಲ. ಅಮೆರಿಕದವರು ಒಂದು ಡಿಸೈನ್ ಮಾರಿದ್ರೆ ದುಡ್ಡು ಪೇಪಾಲ್‌ನಲ್ಲೇ ಕೂತಿರುತ್ತೆ, ಅದರಲ್ಲೇ ಇನ್ನೊಂದು ತಗೋತಾರೆ, ಅವರಿಗೆ ಅದು ದುಡ್ಡು ಅನ್ಸೋದೇ ಇಲ್ಲ, ಆಟದ ಬಿಲ್ಲೆ. ನಮಗೆ ರಿಸರ್ವ್ ಬ್ಯಾಂಕ್ ರೂಲ್ ಪ್ರಕಾರ 2011ರಿಂದಲೂ ಪೇಪಾಲ್‌ಗೆ ಬಂದ ಹಣ ಅಲ್ಲೇ ಇಟ್ಕೊಂಡು ಖರ್ಚು ಮಾಡೋ ಹಾಗಿಲ್ಲ, ಬ್ಯಾಂಕ್ ಅಕೌಂಟ್‌ಗೆ ಇಳೀಲೇಬೇಕು. ಬರುವಾಗ ಪೇಪಾಲ್ ಫೀಸು ಮತ್ತು ಅವರ ಡಾಲರ್ ರೇಟು, ವಾಪಸ್ ಕಾರ್ಡಲ್ಲಿ ಕಟ್ಟುವಾಗ ಬ್ಯಾಂಕಿನ ಫಾರೆಕ್ಸ್ ಮಾರ್ಕಪ್ ಮೂರು ಮೂರೂವರೆ ಪರ್ಸೆಂಟ್, ಆ ಮಾರ್ಕಪ್ ಮೇಲೆ 18 ಪರ್ಸೆಂಟ್ ಜಿಎಸ್‌ಟಿ. ಹೋಗ್ತಾ ಬರ್ತಾ ಎರಡೂ ಕಡೆ ಸುಂಕ. ಒಂದು ಲೆಕ್ಕಕ್ಕೆ ಒಳ್ಳೇದೇ ಬಿಡಿ, ಬ್ಯಾಂಕ್ ಮೆಸೇಜ್ ರೂಪಾಯಿಲಿ ಬರುತ್ತೆ, 40 ಅಂತ ಕಾಣೋದು 3500ರ ಮೇಲೆ ಅಂತ ಕಂಡಾಗ ಸ್ವಲ್ಪ ಎಚ್ಚರ ಆಗುತ್ತೆ.

ನಾನು ಮಾಡೋದು: ಕಮಿಷನ್ ಬಂದ್ರೆ ಅದರಲ್ಲಿ ಹತ್ತನೇ ಒಂದು ಭಾಗ ಮಾತ್ರ ಆಟಕ್ಕೆ, ಅದೂ ಬೇರೆ ಅಕೌಂಟಲ್ಲಿ. ಅದು ಖಾಲಿ ಅಂದ್ರೆ ಆ ತಿಂಗಳು ಸೇಲ್ ಚಾನಲ್ ಮ್ಯೂಟ್. ಮ್ಯೂಟ್ ಮಾಡೋದೇ ಮುಖ್ಯ, ಬಜೆಟ್ ಅಲ್ಲ. ನೋಡಿದ್ರೆ ಬೇಕು ಅನ್ಸುತ್ತೆ.

---

ಹುಬ್ಬಳ್ಳಿ_ಡ್ರ್ಯಾಗನ್

ತಂಗಿ, ನಾ ಇಂಥಾ ಒಂದು ಗ್ರೂಪಿನಾಗ ಮಾಡ್ (ಮಾಡರೇಟರ್) ಆಗಿದ್ದೆ, ಹೆಸರು ಬ್ಯಾಡ. ಒಳಗಿಂದ ಹೆಂಗ ಕಾಣತೈತಿ ಹೇಳ್ತೀನಿ, ಯಾಕಂದ್ರ ಎಲ್ಲಾರೂ ಓನರ್ ರೊಕ್ಕದ ಆಸೆಗೇ ಮಾಡ್ಯಾರ ಅಂತಾರ, ಪೂರಾ ಹಂಗೇನಿಲ್ಲ.

ಗ್ರೂಪ್ ಶುರು ಆದಾಗ ಕಾಯಿನ್ ಯಾರ ಹತ್ರನೂ ಇರಂಗಿಲ್ಲ, 50 ಕಾಯಿನ್ ಐಟಂ ಅಂದ್ರ ದೊಡ್ಡದು. ಆರು ತಿಂಗಳ ಮ್ಯಾಲೆ ಹಳಬರ ಹತ್ರ ಸಾವಿರಗಟ್ಟಲೆ ಕೂತಿರತಾವ, ಯಾಕಂದ್ರ ಚಿತ್ರ ಹಾಕಿದಂಗೆಲ್ಲಾ ಹೊಸಾ ಕಾಯಿನ್ ಹುಟ್ಟತಾವ, ಸಾಯೂದು ಮಾತ್ರ ಅಂಗಡಿಯಾಗ ಖರ್ಚು ಮಾಡಿದಾಗ. ಆವಾಗ ಏನ್ ಮಾಡಬೇಕು? ರೇಟ್ ಏರಿಸಬೇಕು, ಇಲ್ಲಾ ಹೊಸಾ ಟ್ರೇಟ್ ತಂದು ಅವರ ಕಾಯಿನ್ ಹೀರಬೇಕು. ಎರಡೂ ಮಾಡ್ತಾರ. ಹಳಬರಿಗೆ ಅದು ಒಂದು ದಿನದ ಖರ್ಚು, ನಿನ್ನೆ ಬಂದ ಹುಡುಗಿಗೆ ಮೂರು ತಿಂಗಳ ಚಾಕರಿ. ನಿಮ್ಮ 300 ಕಾಯಿನ್ ಸ್ಲಾಟ್ ಅಲ್ಲಿಂದನ ಬಂದಿರತೈತಿ. ನಿಮಗಂತ ಇಟ್ಟ ರೇಟ್ ಅಲ್ಲ ಅದು, ಮ್ಯಾಲಿನ ಹತ್ತು ಮಂದಿ ಪರ್ಸ್ ನೋಡಿ ಇಟ್ಟಿದ್ದು.

ಸ್ಟ್ರೀಕ್ ವಿಷಯ. ಸರ್ವರ್ ತಣ್ಣಗಾತು ಅಂದ್ರ ಮಂದಿ ಬಿಟ್ಟು ಹೋಗ್ತಾರ, ಮಂದಿ ಹೋದ್ರ ಸೇಲ್ ಹೋಗೂದಿಲ್ಲ, ಆ ಅಂಜಿಕಿಗೆ ಸ್ಟ್ರೀಕ್, ಡಿಸೆಂಬರ್ ಕ್ಯಾಲೆಂಡರ್, ಆನಿವರ್ಸರಿ ಈವೆಂಟ್ ಎಲ್ಲಾ ಬರ್ತಾವ. ಆದ್ರ ಬಂದ ಚಿತ್ರ ನೋಡಾವ್ರು ಯಾರು? ನಾವ. ಪ್ರತಿಯೊಂದನ್ನ ತಗದು, ಕಾಲು ನಾಕೂ ಕಾಣತಾವೇನ್, ನೆರಳು ಹಾಕ್ಯಾರೇನ್, ಬ್ಯಾಕ್‌ಗ್ರೌಂಡ್ ಅಂತ ಬರೇ ಒಂದು ಗ್ರೇಡಿಯಂಟ್ ಎಳದು ಬಿಟ್ಟಾರೇನ್ ನೋಡಿ, ಕಾಯಿನ್ ಎಣಿಸಿ, ದಾಳ ರೋಲ್ ಮಾಡಿ, ಶೀಟ್‌ನಾಗ ಬರೀಬೇಕು. ಇದಕ್ಕ ನಮಗ ಪಗಾರ ಏನಂದ್ರ ತಿಂಗಳಿಗಿಷ್ಟು ಕಾಯಿನ್ ಮತ್ತ ವರ್ಷಕ್ಕೊಂದು ಸ್ಲಾಟ್! ಕ್ಯೂ ಎರಡು ವಾರ ಹಿಂದ ಬಿದ್ದರ ಕಮೆಂಟ್‌ನಾಗ ಬೈಗುಳ. ಅಂದ್ರ ಗ್ರೈಂಡ್ ನಿಮಗಷ್ಟ ಅಲ್ಲವಾ, ನಮಗೂ.

ಈಗ ಭಾಳ ಗ್ರೂಪಿನವರು ಡೀವಿಯಂಟ್‌ಆರ್ಟ್ ಬಿಟ್ಟು ತಮ್ಮದ ಸೈಟ್ ಮಾಡ್ಕೊಂಡಾರ, ಲೋರ್‌ಕೀಪರ್ ಅಂತ ಓಪನ್ ಸೋರ್ಸ್ ಫ್ರೇಮ್‌ವರ್ಕ್ ಐತಿ, ಇದಕ್ಕಂತನ ಮಾಡಿದ್ದು, ಮಾಸ್ಟರ್‌ಲಿಸ್ಟ್, ಇನ್ವೆಂಟರಿ, ಪ್ರಾಂಪ್ಟ್ ಕ್ಯೂ ಎಲ್ಲಾ ಅದರಾಗ ಬರ್ತಾವ. ಸಾಫ್ಟ್‌ವೇರ್‌ಗೆ ರೊಕ್ಕ ಇಲ್ಲ, ಹೋಸ್ಟಿಂಗ್‌ಗೆ ಐತಿ, ಆದ್ರ ಸಣ್ಣ ಗ್ರೂಪಿಗೆ ಅದು ಅಂಥಾ ದೊಡ್ಡ ಮೊತ್ತ ಏನಲ್ಲ. ಯಾರರ "ಸರ್ವರ್ ಖರ್ಚಿಗೆ" ಅಂತ ವಾರಕ್ಕ ಎರಡು ಹರಾಜು ಇಟ್ಟರ ಅದು ಸರ್ವರ್ ಖರ್ಚಲ್ಲ, ಮನಿ ಖರ್ಚು. ಅದೂ ತಪ್ಪಲ್ಲ, ಅವರೂ ಆರ್ಟಿಸ್ಟ್, ಬಾಡಿಗಿ ಕಟ್ಟಬೇಕು. ಆದ್ರ ಹಂಗಂತ ಹೇಳಿ ಮಾರಬೇಕು.

ಒಂದು ಗುರುತು ಹೇಳ್ತೀನಿ. ಮಿಸ್ಟರಿ ಪೆಟ್ಟಿಗಿ ಇಟ್ಟಿದ್ರ ಒಳಗ ಏನೇನ್ ಎಷ್ಟೆಷ್ಟು ಪರ್ಸೆಂಟ್ ಬರತೈತಿ ಅಂತ ಟೇಬಲ್ ತೋರಿಸ್ಯಾರೇನ್ ನೋಡ್ರಿ. ಆಪಲ್‌ನವರು 2017ರ ಡಿಸೆಂಬರ್‌ದಾಗನ ಆಪ್ ಸ್ಟೋರ್ ಗೇಮ್‌ಗಳಿಗೆ ಲೂಟ್ ಬಾಕ್ಸ್ (ಇಂಥಾ ಮಿಸ್ಟರಿ ಪೆಟ್ಟಿಗಿನ) ಆಡ್ಸ್, ಅಂದ್ರ ಏನು ಬರೂ ಸಾಧ್ಯತೆ ಎಷ್ಟು ಅನ್ನೂದು, ತೋರಿಸ್ಬೇಕು ಅಂತ ರೂಲ್ ಹಾಕಿದ್ರು, 2018ರಾಗ ಬೆಲ್ಜಿಯಂ ಕೆಲವು ಗೇಮಿನ ಲೂಟ್ ಬಾಕ್ಸ್ ಜೂಜ ಅಂತ ಹೇಳಿಬಿಡ್ತು. ಅಷ್ಟು ದೊಡ್ಡ ಕಂಪನಿಗಳಿಗೆ ಕೇಳಿದ ಪ್ರಶ್ನೆ ಡಿಸ್ಕಾರ್ಡ್ ಬಾಟ್‌ಗೆ ಯಾರೂ ಕೇಳಂಗಿಲ್ಲ. ನೀವ ಕೇಳ್ರಿ. ತೋರಿಸಂಗಿಲ್ಲ ಅಂದ್ರ ಆ ಪೆಟ್ಟಿಗಿಗೆ ಒಂದು ಪೈಸಾನೂ ಹಾಕಬ್ಯಾಡ್ರಿ.

---

ಕಡಲ_ಕುದುರೆ

ನಾನು ಸ್ವಲ್ಪ ಉಲ್ಟಾ ಮಾತಾಡ್ತೇನೆ ಮಾರಾಯ್ರೆ, ಬೈಬೇಡಿ. ಮೇಲಿನವರು ಗಂಟೆಗೆ ನಲವತ್ತು ರೂಪಾಯಿ ಅಂತ ಲೆಕ್ಕ ಹಾಕಿದ್ರಲ್ಲ, ಲೆಕ್ಕ ಸರಿಯೇ ಉಂಟು, ಆದ್ರೆ ಹಾಬಿಗೆ ಕೂಲಿ ಲೆಕ್ಕ ಹಾಕ್ಲಿಕ್ಕೆ ಹೋದ್ರೆ ಎಂತದ್ದೂ ಉಳಿಯುವುದಿಲ್ಲ. ಕ್ರಿಕೆಟ್ ಆಡುವವರಿಗೆ ಗಂಟೆಗೆ ಎಷ್ಟು ಸಿಗ್ತದೆ ಹೇಳಿ.

ನಾನು ಡೀವಿಯಂಟ್‌ಆರ್ಟ್‌ನಲ್ಲಿ ಕುದುರೆ ಗ್ರೂಪಿನಲ್ಲಿ ಇದ್ದವ, ಎಚ್‌ಎಆರ್‌ಪಿಜಿ ಅಂತ ಹೇಳ್ತಾರೆ ಅದಕ್ಕೆ. ಅಲ್ಲಿ ಮರಿ ಮಾಡಿಸುವುದು ಅಂದ್ರೆ ಜೀನೋಟೈಪ್ (ಯಾವ ಯಾವ ಜೀನ್ ಉಂಟು ಅಂತ) ಬರೆದೇ ಮಾಡುವುದು, ಸುಮ್ಮನೆ ಬಣ್ಣ ಹಾಕುವ ಹಾಗಿಲ್ಲ. ತಂದೆ ತಾಯಿ ಎರಡರಿಂದಲೂ ಸಣ್ಣ ಇ (e) ಜೀನ್ ಬಂದ್ರೆ ಕುದುರೆ ಕಂದು ಕೆಂಪು, ದೊಡ್ಡ ಇ (E) ಒಂದಾದ್ರೂ ಇದ್ದು ಜೊತೆಗೆ ಅಗೌಟಿ ಅನ್ನುವ ಜೀನ್ ಇದ್ರೆ ಕಪ್ಪು ಬಣ್ಣ ಕಾಲು, ಬಾಲ, ಜೂಲಿಗೆ ಮಾತ್ರ ಹೋಗಿ ಮೈ ಕೆಂಪಗೆ ಉಳೀತದೆ. ಪಿಯುಸಿಯಲ್ಲಿ ಮೆಂಡೆಲ್‌ನ ಬಟಾಣಿ ಬಾಯಿಪಾಠ ಮಾಡಿದ್ದು ಅಷ್ಟೇ, ಅರ್ಥ ಆದದ್ದು ಇಲ್ಲಿ. ಕುದುರೆಯ ಹಿಂಗಾಲಿನ ಕೀಲು ಎಲ್ಲಿ ಮಡಚ್ತದೆ ಅಂತ ಗೊತ್ತಾದದ್ದೂ ಇಲ್ಲಿಯೇ, ಮಾಡ್ ವಾಪಸ್ ಕಳಿಸಿ ಕಳಿಸಿ. ಈಗ ನಾನು ಕೆಲಸಕ್ಕೆ ಮಾಡುವ ಸ್ಟೋರಿಬೋರ್ಡಿಗೆಲ್ಲ ಆ ಅಭ್ಯಾಸವೇ ಬಂಡವಾಳ.

ಆದ್ರೆ ಒಂದು ಒಪ್ಪಿಕೊಳ್ಳಬೇಕು, ಮೊದಲಿನ ಹಾಗೆ ಇಲ್ಲ. 2020ರಲ್ಲಿ ಡೀವಿಯಂಟ್‌ಆರ್ಟ್‌ನವರು ಹಳೆ ಲೇಔಟ್ ತೆಗೆದು ಎಕ್ಲಿಪ್ಸ್ ಅಂತ ಹೊಸತು ತಂದಾಗ ಗ್ರೂಪಿನ ಪೇಜುಗಳೆಲ್ಲ ಚೆಲ್ಲಾಪಿಲ್ಲಿ ಆಯ್ತು, 2022ರ ನವೆಂಬರಿನಲ್ಲಿ ಡ್ರೀಮ್‌ಅಪ್ ಅಂತ ಎಐ ಟೂಲ್ ತಂದ ಮೇಲೆ ನಮ್ಮ ಗುಂಪಿನ ಅರ್ಧ ಜನ ಸಿಟ್ಟಲ್ಲಿ ಹೋದ್ರು. ಉಳಿದವರು ಡಿಸ್ಕಾರ್ಡಿಗೆ ಬಂದ್ರು. ಡಿಸ್ಕಾರ್ಡಿನಲ್ಲಿ ಎಂತ ಆಗ್ತದೆ ಅಂದ್ರೆ ಎಲ್ಲ ಎಲ್ಲರ ಎದುರಿಗೇ. ಯಾರು ಎಂತ ತಗೊಂಡ್ರು, ಯಾರಿಗೆ ಲೆಜೆಂಡರಿ (ತೀರಾ ಅಪರೂಪದ್ದು) ಬಿತ್ತು, ಪಟಪಟ ಅಂತ ಪಿಂಗ್. ಮೊದಲು ವಾರಕ್ಕೊಮ್ಮೆ ಗ್ಯಾಲರಿ ತೆಗೆದು ನೋಡುತ್ತಿದ್ದ ಹೊಟ್ಟೆಕಿಚ್ಚು ಈಗ ಕಿಸೆಯಲ್ಲೇ ಗುಂಯ್ ಅಂತದೆ.

ಹರಾಜಿಗೆ ಮಾತ್ರ ಹೋಗಲೇಬೇಡಿ. ಸ್ಟಾರ್ಟಿಂಗ್ ಬಿಡ್ 10 ಡಾಲರ್ ಅಂತ ಇರ್ತದೆ, ಎಷ್ಟು ಪಾಪದ್ದು ಅಲ್ವಾ. ಕೊನೆಯ ಗಳಿಗೆಗೆ ಯಾರಾದ್ರೂ ಬಿಡ್ ಹಾಕಿದ್ರೆ ಸ್ನೈಪ್ ಗಾರ್ಡ್ ಅಂತ ಟೈಮು ಮತ್ತೆ ಮುಂದೆ ಹೋಗ್ತದೆ, ನ್ಯಾಯಕ್ಕೆ ಅಂತ ಇಟ್ಟದ್ದೇ ಅದು, ಆದ್ರೆ ಇನ್ನೊಂದು ಐದು ಡಾಲರ್ ಹಾಕುವ ಅಂತ ಯೋಚನೆ ಮಾಡ್ಲಿಕ್ಕೆ ಪುರುಸೊತ್ತು ಸಿಗುವುದೂ ಅದರಿಂದಲೇ. 10ಕ್ಕೆ ಶುರುವಾದ್ದು 200 ದಾಟಿದ್ದನ್ನು ಕಣ್ಣಾರೆ ನೋಡಿದ್ದೇನೆ. ಗೆದ್ದವಳು ಮರುದಿನ ಕಂತಿನಲ್ಲಿ ಕೊಡಬಹುದಾ ಅಂತ ಕೇಳ್ತಾ ಇದ್ಲು ಪಾಪ.

ನಿಮಗೆ ಬೇಕಾದ್ದು ಫ್ರೆಂಡ್ಸ್ ಮತ್ತು ಬಿಡಿಸ್ಲಿಕ್ಕೆ ಒಂದು ನೆಪ ಅಂತಾದ್ರೆ ಜುಲೈ ತಿಂಗಳಲ್ಲಿ ಆರ್ಟ್ ಫೈಟ್ ಬರ್ತದೆ, ಗೊತ್ತಿರಬಹುದು. ಎರಡು ಟೀಮು, ಎದುರು ಟೀಮಿನವರ ಕ್ಯಾರೆಕ್ಟರ್ ಬಿಡಿಸಿ "ದಾಳಿ" ಮಾಡುವುದು, ದುಡ್ಡು ಬೇಡ. ತಿಂಗಳು ಮುಗಿದ ಮೇಲೆ ಮುಗೀತು. ಈ ಮುಗಿಯುವುದು ಉಂಟಲ್ಲ, ಅದೇ ನಿಮ್ಮ ಗ್ರೂಪಿನಲ್ಲಿ ಇಲ್ಲದ್ದು.

---

ಸುಮಾ_ಅಮ್ಮ

ನಾನು ಈ ಆಟ ಆಡೋಳಲ್ಲ, ಮಗಳು ಆಡ್ತಾಳೆ, ಒಂಬತ್ತನೇ ಕ್ಲಾಸು. ಈ ಥ್ರೆಡ್ ಓದಿ ಈಗ ಒಂದೊಂದೇ ಅರ್ಥ ಆಗ್ತಿದೆ. ಡೀವಿಯಂಟ್‌ಆರ್ಟ್ ಪಾಯಿಂಟ್ಸ್ ಅಂತ ಏನೋ ತಗೊಡಮ್ಮ ಅಂತ ದಿನಾ ಕಾಡ್ತಾಳೆ. ಎಲ್ಲೋ ಮೂರು ಸಾವಿರ ಪಾಯಿಂಟ್ ಅಂತ ಬರೆದಿತ್ತು, ಪಾಯಿಂಟ್ ಅಲ್ವಾ ಅಂತ ನಾನೂ ತಲೆ ಕೆಡಿಸ್ಕೊಂಡಿರ್ಲಿಲ್ಲ. ಅದು ಎಷ್ಟು ದುಡ್ಡಾಗುತ್ತೆ? ನಮ್ಮ ಕಾರ್ಡಿಂದ ಕೇಳದೆ ಹೋಗದ ಹಾಗೆ ಹೇಗೆ ಮಾಡೋದು? ಬೈದ್ರೆ ಚಿತ್ರ ಬಿಡಿಸೋದೇ ನಿಲ್ಲಿಸ್ಬಿಡ್ತಾಳೇನೋ ಅಂತ ಭಯ, ಕೈ ತುಂಬ ಚೆನ್ನಾಗಿದೆ ಅವಳದ್ದು.

---

ಲೆಕ್ಕದ_ಬುಕ್ಕು

ಸುಮಾ ಅವರೇ, ಡೀವಿಯಂಟ್‌ಆರ್ಟಲ್ಲಿ 80 ಪಾಯಿಂಟ್‌ಗೆ ಒಂದು ಡಾಲರ್ ಲೆಕ್ಕ. 3000 ಅಂದ್ರೆ 37 ಡಾಲರ್ ಮೇಲೆ, ನಮ್ಮಲ್ಲಿ ಮೂರು ಸಾವಿರ ರೂಪಾಯಿ ದಾಟುತ್ತೆ. ಪಾಯಿಂಟು ರೂಪಾಯಿ ಹೆಚ್ಚುಕಮ್ಮಿ ಒಂದೇ ಅಂತ ಇಟ್ಕೊಳಿ, ನೆನಪಿರುತ್ತೆ, ಅದಕ್ಕಿಂತ ಸ್ವಲ್ಪ ಜಾಸ್ತಿನೇ ಬೀಳುತ್ತೆ.

ಕಾರ್ಡಿಗೆ: 2020ರಲ್ಲಿ ಬಂದ ಆರ್‌ಬಿಐ ರೂಲ್ ಇಂದ ಇಂಟರ್‌ನ್ಯಾಷನಲ್ ಟ್ರಾನ್ಸಾಕ್ಷನ್ ಆನ್ ಆಫ್ ಮಾಡೋ ಸ್ವಿಚ್ಚು, ಲಿಮಿಟ್ಟು ಎಲ್ಲಾ ನಿಮ್ಮ ಬ್ಯಾಂಕ್ ಆಪಲ್ಲೇ ಇರುತ್ತೆ. ಕಾರ್ಡ್ ಸೆಟ್ಟಿಂಗ್ಸ್‌ಗೆ ಹೋಗಿ ಆಫ್ ಮಾಡಿಬಿಡಿ. ಓಟಿಪಿ ಬರುತ್ತಲ್ಲ ಅಂತ ನಂಬಬೇಡಿ, ಹೊರದೇಶದ ಎಷ್ಟೋ ಸೈಟಲ್ಲಿ ಓಟಿಪಿ ಕೇಳೋದೇ ಇಲ್ಲ, ಕಾರ್ಡ್ ನಂಬರ್ ಸೇವ್ ಆಗಿದ್ರೆ ಸಾಕು. ಮಗಳಿಗೆ ಬೈಯೋದು ಬೇಡ, ಪಾಯಿಂಟಲ್ಲಿ ಕೇಳಿದ್ರೆ ರೂಪಾಯಿಲಿ ಎಷ್ಟು ಅಂತ ಅವಳ ಕೈಲೇ ಲೆಕ್ಕ ಹಾಕಿಸಿ.

---

ಹುಬ್ಬಳ್ಳಿ_ಡ್ರ್ಯಾಗನ್

ಸುಮಾ ಅಕ್ಕಾರ, ಇನ್ನೊಂದು. ಸೈಟಿಗೆ 13 ವರ್ಷ ಆಗಿದ್ರ ಸಾಕು, ಆದ್ರ ಹಲವು ಗ್ರೂಪಿನಾಗ ದುಡ್ಡಿನ ಸೇಲ್‌ಗೆ 18 ಆಗಿರಬೇಕು ಇಲ್ಲಾ ಮನಿಯವರು ಒಪ್ಪಿರಬೇಕು ಅಂತ ರೂಲ್ ಇರತೈತಿ. ಮಗಳ ಜೋಡಿ ಕೂತು ಆ ರೂಲ್ ಪೇಜ್ ಒಮ್ಮೆ ಓದ್ರಿ. ನಿಮ್ಮ ಗಮನಕ್ಕ ಬರದ ರೊಕ್ಕ ಹೋಗಿ ಆಮ್ಯಾಲೆ ಬ್ಯಾಂಕಿನವರಿಗೆ ಹೇಳಿ ವಾಪಸ್ ತರಿಸಿದ್ರ, ಗ್ರೂಪಿನವರು ಚಾರ್ಜ್‌ಬ್ಯಾಕ್ ಅಂತ ಹುಡುಗಿನ್ನ ಬ್ಯಾನ್ ಮಾಡಿ ಬ್ಲ್ಯಾಕ್‌ಲಿಸ್ಟ್‌ಗೆ ಹಾಕ್ತಾರ, ಆ ಲಿಸ್ಟ್ ಬ್ಯಾರೆ ಗ್ರೂಪಿಗೂ ಹೋಗತೈತಿ. ಮಕ್ಕಳು ಅದಕ್ಕ ಭಾಳ ಅಳ್ತಾವ.

---

ಮಸಿಬೆಕ್ಕು

ಎಲ್ರಿಗೂ ಥ್ಯಾಂಕ್ಸ್, ಇಷ್ಟು ಉದ್ದ ಉತ್ತರ ಬರುತ್ತೆ ಅನ್ಕೊಂಡಿರ್ಲಿಲ್ಲ. ಬುಕ್ಕು ಅವರೇ ಆ 500 ಡಾಲರ್ ಲೆಕ್ಕ ನೋಡಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ಹುಬ್ಬಳ್ಳಿ ಅಣ್ಣ, ಪೆಟ್ಟಿಗೆ ಟೇಬಲ್ ಕೇಳಿದೆ, "ಸಸ್ಪೆನ್ಸ್ ಹಾಳಾಗುತ್ತೆ" ಅಂತ ಉತ್ತರ ಬಂತು, ಅಲ್ಲಿಗೆ ನಂಗೆ ಅರ್ಥ ಆಯ್ತು. ಈ ವಾರದ ಪ್ರಾಂಪ್ಟ್ ಹಾಕಿಲ್ಲ.

ಇನ್ನೊಂದು ಡೌಟು, ಹತ್ರ ಹತ್ರ ಡಜನ್ ಕ್ಯಾರೆಕ್ಟರ್ ಇದೆ ನನ್ನ ಹತ್ರ, ಅರ್ಧ ಮಾರಿಬಿಡೋಣ ಅನ್ಕೊಂಡಿದೀನಿ. ದುಡ್ಡು ವಾಪಸ್ ಬರುತ್ತಾ?

---

ಹುಬ್ಬಳ್ಳಿ_ಡ್ರ್ಯಾಗನ್

ಪೂರಾ ಬರಂಗಿಲ್ಲ. ಕ್ಲೋಸ್ಡ್ ಸ್ಪೀಶೀಸ್‌ದಾಗ ಸಾಮಾನ್ಯ ರೂಲ್ ಏನಂದ್ರ ಕೊಂಡ ರೇಟಿಗಿಂತ ಜಾಸ್ತಿಗೆ ಮಾರಂಗಿಲ್ಲ, ಅದಕ್ಕ ನೀವು ಬ್ಯಾರೆಯವರ ಕಡೆ ರೊಕ್ಕ ಕೊಟ್ಟು ಬರಿಸಿದ ಚಿತ್ರ ಇದ್ರ ಅದರ ಬೆಲಿ ಅಷ್ಟ ಸೇರಿಸಬಹುದು. ಕಾಯಿನ್ ಕೊಟ್ಟು ತಗೊಂಡ ಸ್ಲಾಟ್ ಇದ್ರ ಎಷ್ಟೋ ಕಡೆ ರೊಕ್ಕಕ್ಕ ಮಾರಾಕ ಬಿಡಂಗ ಇಲ್ಲ, ಬರೇ ಟ್ರೇಡ್ ಇಲ್ಲಾ ಗಿಫ್ಟ್. ಅಂದ್ರ ನಿಮ್ಮ ಆ 80 ಗಂಟಿ ಹೋತು ಅಂತ ತಿಳ್ಕೊರಿ. ಮೊದಲು ಮಾಸ್ಟರ್‌ಲಿಸ್ಟ್ ಎಂಟ್ರಿ ತಗದು ಪ್ರತಿಯೊಂದರ ಮುಂದ ರಿಸೇಲ್ ಆಗತೈತೋ ಇಲ್ಲೋ ಅಂತ ಬರದಿರತೈತಿ, ಅದನ್ನ ನೋಡ್ರಿ. ಆಮ್ಯಾಲೆ ಜಗಳ ತಗದು ಬಿಡಬ್ಯಾಡ್ರಿ, ಬ್ಯಾನ್ ಆದ್ರ ಕ್ಯಾರೆಕ್ಟರ್ ವಾಯ್ಡ್ (ರದ್ದು) ಮಾಡ್ತಾರ ಕೆಲವರು, ಆವಾಗ ಮಾರಾಕೂ ಆಗಂಗಿಲ್ಲ. ಸುಮ್ನ ಹಾಯಟಸ್ (ಸ್ವಲ್ಪ ದಿನ ಬಿಡುವು) ಅಂತ ಬರದು ಹೊರಗ ಬರ್ರಿ.

---

ಕಡಲ_ಕುದುರೆ

ಮಾರುವ ಮೊದಲು ನಿಮಗೆ ನಿಜವಾಗಿ ಬಿಡಿಸ್ಲಿಕ್ಕೆ ಖುಷಿ ಆಗುವ ಎರಡು ಮೂರು ಇಟ್ಟುಕೊಳ್ಳಿ. ಮತ್ತೆ ಮಣಿಕಟ್ಟು ನೋವಿಗೆ ಡಾಕ್ಟರಿಗೆ ತೋರಿಸಿ ಮಾರಾಯ್ತಿ, ಅದನ್ನು ಯಾರೂ ಹೇಳ್ಲಿಲ್ಲ ಇಲ್ಲಿ. ಟ್ಯಾಬ್ಲೆಟ್ ಮಡಿಲಲ್ಲಿ ಇಟ್ಟು ಬರೀತೀರಾ ಮೇಜಿನ ಮೇಲಾ?

---

ಮಸಿಬೆಕ್ಕು

ಮಂಚದ ಮೇಲೆ, ದಿಂಬಿಗೆ ಒರಗಿ 😅 ಸೋಮವಾರ ತೋರಿಸ್ತೀನಿ.